ಬರಿಗೈ ಕೊನೆಗೆ

ಅಕ್ಕನ ಮಗಳಿಗೆ ಇವತ್ತು ಕರಾಟೆಯಲ್ಲಿ ಹಳದಿ ಬೆಲ್ಟ್. ಕಾಸರಗೋಡಿನಿಂದ ಬಸ್ಸಲ್ಲಿ ಬರುವಾಗಲೂ ಬಿಚ್ಚಲಿಲ್ಲ!

"ಮಾವ, ಇದು ಜಪಾನಿನದ್ದು, ಗೊತ್ತುಂಟಾ?"

ಗೊತ್ತುಂಟು ಮಾರಾಯ್ತಿ. ಆದರೆ ಹುಟ್ಟಿದ್ದು ಓಕಿನಾವಾ ದ್ವೀಪದಲ್ಲಿ, ಚೀನಾದ ಪಟ್ಟುಗಳೂ ಸೇರಿ. ಓಕಿನಾವಾದ ಕರಾಟೆ ಗುರು ಫುನಾಕೋಶಿ ಟೋಕಿಯೋದಲ್ಲಿ ಅದನ್ನು ತೋರಿಸಿದ್ದು 1922ರಲ್ಲಿ. ಬೆಲ್ಟಂತೂ ಜೂಡೋದವರಿಂದ ಬಂದದ್ದು.

ನಮ್ಮ ಕಡೆಯ ಕಳರಿ, ಅಂದರೆ ಕೇರಳದ ಸಮರಕಲೆ ಕಳರಿಪಯಟ್ಟು, ಅದರ ಕ್ರಮವೇ ಬೇರೆ. ಮೊದಲು ಮೈ ಪಳಗಿಸುವ ಮೆಯ್ತಾರಿ. ಆಮೇಲೆ ಕೋಲು. ಆಮೇಲೆ ಕತ್ತಿ, ಗುರಾಣಿ, ಬಳುಕುವ ಕತ್ತಿ ಉರುಮಿ. ಬರಿಗೈ ವರಸೆ ಎಲ್ಲಕ್ಕಿಂತ ಕೊನೆಗೆ! ಕರಾಟೆ ಶುರುವಾಗುವುದೇ ಅಲ್ಲಿಂದ, ಅಲ್ವಾ? ನನಗೆ ಕಳರಿಯ ಲೆಕ್ಕವೇ ಸರಿ ಕಾಣುತ್ತದೆ. ಆಯುಧ ಗೊತ್ತಿಲ್ಲದವನು ಅದನ್ನು ಬರಿಗೈಲಿ ತಡೆಯುವುದು ಹೇಗೆ?

ಈ ಸಲ ಅವಳನ್ನು ಕದಿವನೂರು ವೀರನ್ ಎಂಬ ವೀರ ದೈವದ ತೆಯ್ಯಕ್ಕೆ, ಅಂದರೆ ಭೂತಕೋಲದಂಥ ದೈವ ಕುಣಿತಕ್ಕೆ, ಕರೆದುಕೊಂಡು ಹೋಗಬೇಕು. ಅದರಲ್ಲಿ ಕಳರಿ ವರಸೆ ಕಣ್ಣೆದುರೇ ಉಂಟು. ರಾತ್ರಿ ನಿದ್ದೆ ಬಿಡಲು ಅಕ್ಕ ಒಪ್ಪಬೇಕಷ್ಟೆ.