ಎಫ್‌ಪಿಜಿಎ ಮೇಲೆ ಬಿಬಿಸಿ ಮೈಕ್ರೊ: ಒಂದು ಮೆಗಾಹರ್ಟ್ಜ್ ಕಲಿಸಿದ್ದು

ಕಾರವಾರದ ಹತ್ತಿರದ ಕಾಲೇಜೊಂದರಲ್ಲಿ ನಾನು ಇಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗಳಿಗೆ ಗೈಡ್ ಆಗುವುದೂ ನನ್ನ ಕೆಲಸವೇ. ಅಂಕೋಲಾ, ಹೊನ್ನಾವರ, ಯಲ್ಲಾಪುರ ಕಡೆಯ ಮಕ್ಕಳ ತಂಡವೊಂದು ಹಳೆಯ ಬಿಬಿಸಿ ಮೈಕ್ರೊ ಕಂಪ್ಯೂಟರನ್ನು ಎಫ್‌ಪಿಜಿಎ ಮೇಲೆ ಮತ್ತೆ ಕಟ್ಟುತ್ತೇವೆ ಎಂದು ಬಂತು. ಆ ಪ್ರಾಜೆಕ್ಟ್ ಮುಗಿಯುವಷ್ಟರಲ್ಲಿ ನಾನು ಲ್ಯಾಬ್ ನಡೆಸುವ ರೀತಿಯೇ ಬದಲಾಗಿತ್ತು.

ಅದೇ ಯಂತ್ರ ಯಾಕೆ? 1981ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿ ಮಾಡಿದ್ದು ಅದು. 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದೂ ಅದೇ. ಈಗ ಐವತ್ತು ದಾಟಿರುವ ಎಷ್ಟೋ ಜನ ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಇದರ ಮೇಲೆ. ಅಸಲಿ ಯಂತ್ರ ಸಿಕ್ಕರೂ ನಮ್ಮ ಕರಾವಳಿಯಲ್ಲಿ ಉಳಿಸಿಕೊಳ್ಳುವುದು ಕಷ್ಟ. ಉಪ್ಪುಗಾಳಿಗೆ ಐಸಿ ಸಾಕೆಟ್‌ಗಳು ಹಾಳಾಗುತ್ತವೆ. ಪವರ್ ಸಪ್ಲೈ ಒಳಗಿನ ಕಾಗದದ ಫಿಲ್ಟರ್ ಕೆಪಾಸಿಟರ್ ತೇವ ಹೀರಿಕೊಂಡು ಒಂದು ದಿನ ಹೊಗೆ ಬಿಡುತ್ತದೆ.

ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಚಿಪ್. ಎಮ್ಯುಲೇಟರ್ ಥರ ಹಳೆ ಯಂತ್ರದ ನಡವಳಿಕೆಯನ್ನು ಸಾಫ್ಟ್‌ವೇರ್‌ನಲ್ಲಿ ಅನುಕರಿಸುವುದಲ್ಲ. ಇಲ್ಲಿ ಒಂದೊಂದು ಬಿಟ್ ನೆನಪಿಟ್ಟುಕೊಳ್ಳುವ ನಿಜವಾದ ಫ್ಲಿಪ್‌ಫ್ಲಾಪ್‌ಗಳು ಒಟ್ಟೊಟ್ಟಿಗೆ ಓಡುತ್ತವೆ. ನಾವು ಬಳಸುವ ಚಿಪ್ ಕರೆಂಟ್ ಹೋದರೆ ಬರೆದದ್ದನ್ನೆಲ್ಲ ಮರೆಯುತ್ತದೆ, ಮತ್ತೆ ಫ್ಲ್ಯಾಶ್‌ನಿಂದ ತುಂಬಿಕೊಳ್ಳಬೇಕು. ನಮ್ಮ ಮಳೆಗಾಲದಲ್ಲಿ ಈ ಪಾಠವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಪಟ್ಟಿ ಮಾಡಿದರೆ ಬಿಬಿಸಿ ಮೈಕ್ರೊ ಸುಲಭ ಅನ್ನಿಸುತ್ತದೆ. 2 ಮೆಗಾಹರ್ಟ್ಜ್‌ನ 6502 ಪ್ರೊಸೆಸರ್, 32 ಕೆಬಿ ರ‍್ಯಾಮ್, 32 ಕೆಬಿ ರಾಮ್ (ಅಳಿಸದೆ ಉಳಿಯುವ ಮೆಮೊರಿ), ಸ್ಕ್ರೀನ್‌ಗೆ 6845, ಕೀಬೋರ್ಡು ಮತ್ತು ಟೈಮರ್‌ಗೆ 6522. ಮೆಮೊರಿ ಎಲ್ಲ ಸೇರಿ 512 ಕಿಲೊಬಿಟ್. ನಮ್ಮ ಎಫ್‌ಪಿಜಿಎ ಆದ ಆರ್ಟಿಕ್ಸ್-7 35ಟಿ ಚಿಪ್ ಒಳಗೇ 1,800 ಕಿಲೊಬಿಟ್ ಬ್ಲಾಕ್ ರ‍್ಯಾಮ್ ಇದೆ. ಮಕ್ಕಳು ಒಂದೊಂದು ಚಿಪ್ ಹಂಚಿಕೊಂಡು, ಸರ್ಕ್ಯೂಟ್ ಬರೆಯುವ ಭಾಷೆಯಾದ ವೆರಿಲಾಗ್‌ನಲ್ಲಿ ಬರೆದರು. ಬಿಡಿಬಿಡಿಯಾಗಿ ಎಲ್ಲವೂ ಟೆಸ್ಟ್ ಪಾಸಾದವು.

ಜೋಡಿಸಿದ ಮೇಲೆ ಸ್ಕ್ರೀನ್ ಬಂತು, ಆದರೆ ಕೀಬೋರ್ಡ್ ಹುಚ್ಚುಹುಚ್ಚಾಗಿ ಆಡತೊಡಗಿತು. ಕೆಲವು ಸಲ ಅಕ್ಷರ ಬರುತ್ತಿತ್ತು, ಕೆಲವು ಸಲ ಇಲ್ಲ. “ಸರ್, ವೈರ್ ಲೂಸ್ ಇರಬೇಕು” ಎಂದ ಒಬ್ಬ. ವೈರ್ ಬದಲಾಯಿಸಿದರೂ ಅದೇ ಕಥೆ.

ಆಗ ಅಂಕೋಲಾದ ಹುಡುಗಿ ಮಾಡಿದ ಕೆಲಸ ನನಗೆ ತುಂಬ ಇಷ್ಟವಾಯಿತು. ಅವಳು ಕೀಬೋರ್ಡನ್ನೇ ಬಿಟ್ಟಳು. 6522ಕ್ಕೆ ಒಂದು ಸಂಖ್ಯೆ ಬರೆದು ವಾಪಸ್ ಓದುವ ಸಣ್ಣ ಪ್ರೋಗ್ರಾಂ ಮಾಡಿದಳು. ಬರೆದದ್ದು ಹತ್ತುತ್ತಲೇ ಇರಲಿಲ್ಲ. ಬರೆಯುವ ಮೊದಲು ಎರಡು ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ) ತಿನ್ನುವ ಸೂಚನೆಯೊಂದನ್ನು ಸೇರಿಸಿದಳು. ಏನೂ ಬದಲಾಗಲಿಲ್ಲ. ಅದರ ಜಾಗದಲ್ಲಿ ಮೂರು ಸೈಕಲ್‌ನದ್ದು ಹಾಕಿದಳು. ಸರಿಯಾಗಿಬಿಟ್ಟಿತು! “ಸರ್, ಇದು ವೈರ್ ಅಲ್ಲ. ಸಮ, ಬೆಸದ ಲೆಕ್ಕ” ಎಂದಳು.

ಅಲ್ಲೇ ಇತ್ತು ಗುಟ್ಟು. 6502 ಓಡುವುದು 2 ಮೆಗಾಹರ್ಟ್ಜ್‌ನಲ್ಲಿ, ಅಂದರೆ ಒಂದು ಸೈಕಲ್‌ಗೆ 500 ನ್ಯಾನೊಸೆಕೆಂಡ್. 6522 ಓಡುವುದು 1 ಮೆಗಾಹರ್ಟ್ಜ್‌ನಲ್ಲಿ. ಪ್ರೊಸೆಸರ್ ಎರಡು ಹೆಜ್ಜೆ ಇಟ್ಟಾಗ 6522 ಒಮ್ಮೆ ಮಾತ್ರ ಕಣ್ಣು ಬಿಡುತ್ತದೆ. ಬರೆಯುವ ಹೊತ್ತು ಆ ಅರ್ಧಕ್ಕೆ ಬಿದ್ದರೆ ಸರಿ, ಇನ್ನೊಂದು ಅರ್ಧಕ್ಕೆ ಬಿದ್ದರೆ ಬರೆದದ್ದು ಮಾಯ. ಅಸಲಿ ಯಂತ್ರ ಇದನ್ನು ಬಹಳ ಚೆಂದವಾಗಿ ಸಂಭಾಳಿಸುತ್ತದೆ. ನಿಧಾನದ ಚಿಪ್ ಮುಟ್ಟಿದಾಗ ಪ್ರೊಸೆಸರ್‌ನ ಗಡಿಯಾರವನ್ನೇ ಎಳೆದು ಹಿಡಿಯುತ್ತದೆ. ಕೊಂಕಣ ರೈಲಿನ ಸಿಂಗಲ್ ಲೈನ್‌ನಲ್ಲಿ ಕ್ರಾಸಿಂಗ್‌ಗೆ ಗಾಡಿ ನಿಲ್ಲಿಸುತ್ತಾರಲ್ಲ, ಹಾಗೆ. ಯಾವ ಅರ್ಧದಲ್ಲಿ ಬಂದಿತು ಎನ್ನುವುದರ ಮೇಲೆ ಆ ಸೈಕಲ್ 1,000 ಅಥವಾ 1,500 ನ್ಯಾನೊಸೆಕೆಂಡ್ ಆಗುತ್ತದೆ. ಸರ್ಕ್ಯೂಟ್ ಚಿತ್ರದಲ್ಲಿ ಇದು ಮೂಲೆಯ ಕೆಲವೇ ಗೇಟು, ಫ್ಲಿಪ್‌ಫ್ಲಾಪ್ ಅಷ್ಟೇ. ದೊಡ್ಡ ಚಿಪ್‌ಗಳ ಹೆಸರು ಓದುವ ಕಣ್ಣಿಗೆ ಅದು ಬೀಳುವುದೇ ಇಲ್ಲ.

ನನ್ನ ಮಟ್ಟಿಗೆ ಬಿಬಿಸಿ ಮೈಕ್ರೊ ಅಂದರೆ ಆ ಮೂಲೆಯೇ. 6502 ಆ ಕಾಲದ ಎಷ್ಟೋ ಯಂತ್ರಗಳಲ್ಲಿತ್ತು. ಒಂದೇ ರ‍್ಯಾಮನ್ನು ಪ್ರೊಸೆಸರೂ ಸ್ಕ್ರೀನೂ ಅರ್ಧರ್ಧ ಸೈಕಲ್ ಹಂಚಿಕೊಂಡು, ಯಾರೂ ಯಾರಿಗೂ ಕಾಯದೆ ಓದುವ ಏರ್ಪಾಡು, ನಿಧಾನದವರಿಗಾಗಿ ಗಡಿಯಾರ ಹಿಗ್ಗಿಸುವ ಏರ್ಪಾಡು, ಇವೇ ಅದರ ಸ್ವಭಾವ. ಚಿಪ್‌ಗಳನ್ನು ಬರೆದು ಈ ಒಪ್ಪಂದಗಳನ್ನು ಬಿಟ್ಟರೆ ಯಂತ್ರ ಹುಟ್ಟುವುದಿಲ್ಲ.

ಈಗ ನಮ್ಮ ಲ್ಯಾಬ್‌ನಲ್ಲಿ ವೆರಿಲಾಗ್ ಬರೆಯುವ ಮೊದಲು ಗ್ರಾಫ್ ಶೀಟ್ ಮೇಲೆ ಟೈಮಿಂಗ್ ಚಿತ್ರ ಬರೆಯಲೇಬೇಕು. ಯಾವ ಹೊತ್ತಿನಲ್ಲಿ ಬಸ್ (ಚಿಪ್‌ಗಳೆಲ್ಲ ಹಂಚಿಕೊಳ್ಳುವ ತಂತಿಗಳು) ಯಾರ ಕೈಯಲ್ಲಿದೆ ಎಂದು ಗುರುತು ಹಾಕಬೇಕು. ಗಡಿಯಾರ ಆರಿಸುವುದೂ ಅಲ್ಲೇ ತೀರ್ಮಾನವಾಗುತ್ತದೆ. ಈ ಯಂತ್ರದ ಮೂಲ ಗಡಿಯಾರ 16 ಮೆಗಾಹರ್ಟ್ಜ್, ಟೆಲಿಟೆಕ್ಸ್ಟ್ ಅಕ್ಷರ ಮೂಡಿಸುವ ಚಿಪ್‌ಗೆ ಬೇಕಾದದ್ದು 6. ಎರಡಕ್ಕೂ ಶೇಷವಿಲ್ಲದೆ ಭಾಗವಾಗುವ 48 ಮೆಗಾಹರ್ಟ್ಜ್ ಒಂದನ್ನೇ ಇಟ್ಟುಕೊಂಡು, ಉಳಿದದ್ದನ್ನೆಲ್ಲ ‘ಈ ಬಡಿತಕ್ಕೆ ನಡೆ’ ಎಂದು ಹೇಳುವ ಎನೇಬಲ್ ಸಿಗ್ನಲ್‌ನಿಂದ ನಡೆಸಿದೆವು. ಬ್ಲಾಕ್ ರ‍್ಯಾಮ್ ಕೊಡುವ ಡೇಟಾ ಒಂದು ಕ್ಲಾಕ್ ತಡವಾಗಿ ಬರುತ್ತದೆ ಎನ್ನುವುದೂ ಚಿತ್ರದಲ್ಲೇ ಕಾಣುತ್ತದೆ. ಇಲ್ಲದಿದ್ದರೆ ಸ್ಕ್ರೀನ್ ಪಕ್ಕಕ್ಕೆ ಸರಿದಾಗ ಗೊತ್ತಾಗುತ್ತದೆ.

ಹಳೆ ಕಂಪ್ಯೂಟರ್ ಕಟ್ಟಿದರೆ ಕೆಲಸ ಸಿಗುತ್ತದಾ ಎಂದು ಪಾಲಕರು ಕೇಳುತ್ತಾರೆ. ಕೇಳಬೇಕಾದದ್ದೇ. ಬೆಂಗಳೂರಿನ ಚಿಪ್ ಡಿಸೈನ್ ಇಂಟರ್‌ವ್ಯೂಗಳಲ್ಲಿ ಬೇರೆ ಬೇರೆ ಗಡಿಯಾರಗಳ ನಡುವೆ ಸಿಗ್ನಲ್ ದಾಟಿಸುವುದು ಹೇಗೆ ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಮಕ್ಕಳು ಅದನ್ನು ಪುಸ್ತಕದಿಂದ ಕಲಿತಿಲ್ಲ. ನಾವು ಜೋಡಿಸಿದ ಪಿಎಸ್/2 (ಹಳೆ ಪಿಸಿ ಥರದ) ಕೀಬೋರ್ಡ್ ತನ್ನದೇ ಗಡಿಯಾರ ತರುತ್ತದೆ. ಅದನ್ನು ಎರಡು ಫ್ಲಿಪ್‌ಫ್ಲಾಪ್ ದಾಟಿಸಿ ಒಳಗೆ ತಂದವರು ಅವರೇ.

ಈಗಿನ ಬ್ಯಾಚ್ ಕ್ಯಾಸೆಟ್ ಪೋರ್ಟ್ ಹಿಡಿದುಕೊಂಡಿದೆ. 1,200 ಮತ್ತು 2,400 ಹರ್ಟ್ಜ್‌ನ ಎರಡು ಸ್ವರಗಳಲ್ಲಿ ಪ್ರೋಗ್ರಾಂ ಉಳಿಸುವ ಪೋರ್ಟ್ ಅದು. ಗ್ರಾಫ್ ಶೀಟ್ ಕೆಲಸ ನಡೆಯುತ್ತಿದೆ, ವೆರಿಲಾಗ್ ಇನ್ನೂ ಶುರುವಾಗಿಲ್ಲ.