ನಡೆಯಲಾಗದ ಕಾಲಿಗೆ ಕರೆಂಟಿನ ನೆರವು

ದಾವಣಗೆರೆಯ ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವವರಲ್ಲಿ ನಮ್ಮ ಅವ್ವನೂ ಒಬ್ಬಳಾಗಿದ್ದಳು. ಮಂಡಿ ಸವೆದ ಮೇಲೆ ಅಂಗಳ ದಾಟುವುದೇ ಕಷ್ಟವಾಗಿ, ಸಕ್ಕರೆ ಕಾಯಿಲೆಗೆ ಅವಳು ನೆಚ್ಚಿಕೊಂಡಿದ್ದ ನಡಿಗೆ ನಿಂತುಹೋಯಿತು. ಫಿಸಿಯೋಥೆರಪಿಯವರು ಮಂಡಿಗೆ ಬಲ ಬರಲೆಂದು ತೊಡೆಗೆ ಪ್ಯಾಡ್ ಅಂಟಿಸಿ, ಸ್ನಾಯು ಬಿಗಿಯುವಂತೆ ಕರೆಂಟು ಕೊಡಲು ಆರಂಭಿಸಿದಾಗ, "ಇದರಿಂದ ಶುಗರ್ ಏನಾದರೂ ಇಳಿದೀತೇನಪ್ಪಾ?" ಎಂದು ಅವಳು ಕೇಳಿದಳು. ಆ ಪ್ರಶ್ನೆಯಲ್ಲಿ ಹುರುಳಿದೆ.

ಇನ್ಸುಲಿನ್ನಿನ ಆಣತಿಯಂತೆ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ಕೆಲಸದಲ್ಲಿ ದೊಡ್ಡ ಪಾಲು ಕೈಕಾಲುಗಳ ಸ್ನಾಯುಗಳದ್ದು. ಟೈಪ್ 2 ಮಧುಮೇಹದಲ್ಲಿ ಅವು ಆ ಆಣತಿಗೆ ಸರಿಯಾಗಿ ಓಗೊಡುವುದಿಲ್ಲ. ಆದರೆ ಸ್ನಾಯು ಬಿಗಿದು ಸಡಿಲುವಾಗ, ಇನ್ಸುಲಿನ್ನಿನ ಹಂಗಿಲ್ಲದೆಯೇ, ಜೀವಕೋಶದೊಳಗಿರುವ ಗ್ಲುಟ್-4 ಎಂಬ ಪ್ರೋಟೀನು ಹೊರಪೊರೆಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬಿಗಿಯುವಂತೆ ಹೇಳಿದ್ದು ಮಿದುಳೋ ಚರ್ಮಕ್ಕೆ ಅಂಟಿಸಿದ ಪ್ಯಾಡೋ ಎಂಬ ಭೇದವನ್ನು ಅದು ಎಣಿಸುವುದಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡವರು ಕರೆಂಟಿನ ನೆರವಿನಿಂದ ಸೈಕಲ್ ತುಳಿದಾಗ ಅವರ ಸ್ನಾಯುಗಳು ಇನ್ಸುಲಿನ್ನಿಗೆ ಹೆಚ್ಚು ಸ್ಪಂದಿಸಿದ್ದನ್ನು ಅಧ್ಯಯನಗಳು ಕಂಡಿವೆ. ಮೆಲ್ಲಗೆ ನಡೆಯುವಾಗ ಹೆಚ್ಚಾಗಿ ಸುಮ್ಮನಿರುವ, ಸಕ್ಕರೆಯನ್ನೇ ಬಹುವಾಗಿ ಸುಡುವ ವೇಗದ ಸ್ನಾಯು ಎಳೆಗಳನ್ನೂ ಕರೆಂಟು ಎಬ್ಬಿಸುತ್ತದೆ. ಸ್ನಾಯು ಬೇಗ ದಣಿಯಲು ಇದೂ ಒಂದು ಕಾರಣ.

ಸ್ನಾಯು ಬಿಗಿಯಲೇಬೇಕು, ಬರಿಯ ಜುಮುಜುಮು ಎನಿಸಿದರೆ ಸಾಲದು. ಅವ್ವನ ತೊಡೆ ಮುಷ್ಟಿಯಂತೆ ಗಟ್ಟಿಯಾಗಿ, ಮಂಡಿಚಿಪ್ಪು ಮೇಲಕ್ಕೆ ಸರಿದು, ಕೆಲ ಕ್ಷಣಗಳ ಬಳಿಕ ಸಡಿಲಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋವು ಮರೆಸುವ ಟೆನ್ಸ್ ಯಂತ್ರವನ್ನು ಸಾಮಾನ್ಯವಾಗಿ ಇಷ್ಟು ಬಿಗಿತ ತರಲು ಬಳಸುವುದಿಲ್ಲ.

ಊರಿನ ಅಂಗಡಿಯೊಂದರಲ್ಲಿ ಹೊಟ್ಟೆಗೆ ಕಟ್ಟುವ ಕರೆಂಟಿನ ಬೆಲ್ಟನ್ನು ತೋರಿಸಿ, ಇದಿದ್ದರೆ ಮಾತ್ರೆಯನ್ನೇ ಬಿಡಬಹುದು ಎಂದು ಅವ್ವನಿಗೆ ಹೇಳಿದರು. ಅದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಈ ವಿಷಯದ ಅಧ್ಯಯನಗಳು ಬಹುಮಟ್ಟಿಗೆ ಸಣ್ಣವು, ಅಲ್ಪಾವಧಿಯವು. ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಇಳಿಯುತ್ತದೆಂಬ ಭರವಸೆಯನ್ನು ಅವು ಕೊಡುವುದಿಲ್ಲ. ನಡೆಯಬಲ್ಲವರಿಗೆ ನಡಿಗೆಯೇ ಮೇಲು, ಮಾತ್ರೆಯಂತೂ ವೈದ್ಯರು ಹೇಳಿದಂತೆಯೇ.

ಪೇಸ್‌ಮೇಕರ್ ಇದ್ದವರು ಹೃದಯದ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಮಧುಮೇಹದಿಂದ ನರಗಳು ಜೋಮು ಹಿಡಿದವರಿಗೆ ಚರ್ಮ ಸುಟ್ಟರೂ ತಿಳಿಯದಿರಬಹುದು. ಅವ್ವನ ಪಾದಗಳಲ್ಲಿ ಆ ಜೋಮು ಆಗಲೇ ಇದೆ; ಆದ್ದರಿಂದ ಪ್ಯಾಡ್ ಅಂಟಿಸುವ ಮುನ್ನ ಅವಳ ತೊಡೆಯ ಮೇಲೆ ಹತ್ತಿ ಆಡಿಸಿ, ಕಣ್ಣು ಮುಚ್ಚಿಸಿ, "ಎಲ್ಲಿ ತಾಗಿತು ಹೇಳವ್ವಾ" ಎಂದು ಪ್ರತಿ ಸಲವೂ ಕೇಳುತ್ತೇನೆ.