ಮುಂದಿನ ವರ್ಷ ಕಬ್ಬು ಹಚ್ಚೋಣ ಅಂದ್ರು ಕಾಕಾ

2025ರ ನವೆಂಬರಿನಲ್ಲಿ ಊರಿಗೆ ಹೋದಾಗ ಹಾವೇರಿ ಕಡೆ ಎಲ್ಲಿ ನೋಡಿದರೂ ರಸ್ತೆ ಬದಿ ಗೋವಿನಜೋಳ (ಮೆಕ್ಕೆಜೋಳ) ಹರವಿತ್ತು. ನಮ್ಮ ಕಾಕಾ ಕೂಡ ಒಣಗಿಸಿ ರಾಶಿ ಮಾಡಿ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮಾಡುವ ಕಾರ್ಖಾನೆಗೆ ಕಾಳು ಕೊಡಿಸುವ ದಲಾಲಿಗೆ ಕಾಯುತ್ತಿದ್ದರು.

ಅವನು ಬಂದವನೇ ಮೇಲಿನ ಕಾಳು ಮುಟ್ಟಲೇ ಇಲ್ಲ. ಮೊಣಕೈವರೆಗೂ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆದ. ಎರಡು ಕಾಳು ಹಲ್ಲಲ್ಲಿ ಕಡಿದು ನೋಡಿದ, ಕಟ್ ಅನ್ನಲಿಲ್ಲ. ಉಳಿದದ್ದನ್ನು ತೇವಾಂಶ ನೋಡುವ ಮಷೀನಿಗೆ ಸುರಿದ, 17 ತೋರಿಸಿತು. 14 ಇದ್ದರೆ ಪೂರ್ತಿ ರೇಟು, ಮೇಲೆ ಹೋದಷ್ಟೂ ಕಡಿತ ಅಂದ. ಆಮೇಲೆ ಅಂಗೈ ಮೇಲೆ ಹರಡಿಕೊಂಡು ಬೂಷ್ಟು ಹಿಡಿದ ಕಾಳು ಹುಡುಕಿದ. ಎಥೆನಾಲಿಗೆ ಹೋಗೋ ಕಾಳಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು, ಆದರೆ ಕಾಳಿನ ಪಿಷ್ಟ ಮಾತ್ರ ಎಥೆನಾಲ್ ಆಗುತ್ತದೆ, ಉಳಿದದ್ದು ದನಕ್ಕೆ, ಕೋಳಿಗೆ ಮೇವಾಗಿ ಹೋಗುತ್ತದೆ, ಬೂಷ್ಟಿನ ವಿಷ ಅದರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿಯಾಗುತ್ತದೆ. ನೋಡಲಿ, ನೋಡಬೇಕಾದದ್ದೇ. ನನಗೆ ಹೊಟ್ಟೆ ಉರಿದದ್ದು ರೇಟು ಕೇಳಿ.

ಆ ವರ್ಷ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು. ಅವನು ಹೇಳಿದ್ದು 1,700. ಒಂದು ಕ್ವಿಂಟಲ್ ಗೋವಿನಜೋಳದಿಂದ ಸುಮಾರು 38 ಲೀಟರ್ ಎಥೆನಾಲ್ ಬರುತ್ತದೆ, ತೈಲ ಕಂಪನಿಗಳು ಆಗ ಅದಕ್ಕೆ ಕೊಡುತ್ತಿದ್ದದ್ದು ಲೀಟರಿಗೆ 71.86 ರೂಪಾಯಿ. ಅಂದರೆ 2,730 ರೂಪಾಯಿ ಆಯಿತು, ಮೇಲೆ ಮೇವಿನ ದುಡ್ಡು ಬೇರೆ. ಕಾರ್ಖಾನೆಗೂ ಖರ್ಚಿದೆ, ಒಪ್ಪೋಣ. ಆದರೂ ನಾಲ್ಕು ತಿಂಗಳು ಬೆಳೆ ತಿನ್ನುವ ಸೈನಿಕ ಹುಳುವಿನ ಜೊತೆ ಬಡಿದಾಡಿದವರಿಗೆ 1,700 ಅನ್ನೋದು ಯಾವ ನ್ಯಾಯ? ಅದೇ ವರ್ಷ ಎಥೆನಾಲ್ ಮಾಡುವ ಡಿಸ್ಟಿಲರಿಗಳಿಗೆ ಆಹಾರ ನಿಗಮದ ಅಕ್ಕಿ ಕ್ವಿಂಟಲಿಗೆ 2,250 ರೂಪಾಯಿಗೆ ಸಿಗುವ ಹಾಗೆ ಸರಕಾರ ಮಾಡಿತ್ತು. ಅಕ್ಕಿಯಲ್ಲಿ ಕ್ವಿಂಟಲಿಗೆ 45 ಲೀಟರ್ ಬರುತ್ತದೆ. ಒಂದು ಕಡೆ ಗೋವಿನಜೋಳ ಬೆಳೆಯಿರಿ ಅನ್ನೋದು, ಇನ್ನೊಂದು ಕಡೆ ಗೋದಾಮಿನ ಅಕ್ಕಿ ತೆಗೆದು ಕೊಡೋದು.

ದಲಾಲಿ ಹೋದ ಮೇಲೆ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಾಕಾತು ತಮ್ಮಾ. ಮುಂದಿನ ವರ್ಷ ಬೋರಿನ ಹೊಲಕ್ಕ ಕಬ್ಬ ಹಚ್ಚೋಣ. ಅದೂ ಎಥೆನಾಲಿಗೇ ಹೋಗತೈತಲ್ಲ" ಅಂದರು. ಬೆಳಗಾವಿ ಕಡೆಯ ರೈತರು ಹೋರಾಡಿ ಟನ್ನಿಗೆ 3,300 ಮಾಡಿಸಿಕೊಂಡದ್ದನ್ನು ಟೀವಿಯಲ್ಲಿ ನೋಡಿದ್ದರು.

ಬೀಜದ ಚೀಲದ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಲು ಕೂತೆವು. ಎಕರೆಗೆ 40 ಟನ್ ಕಬ್ಬು, ಟನ್ನಿಗೆ 70 ಲೀಟರ್, ಅಲ್ಲಿಗೆ 2,800 ಲೀಟರ್. ಗೋವಿನಜೋಳ 25 ಕ್ವಿಂಟಲ್ ಬಂದರೆ 950. ಕಾಕಾ "ನೋಡ್ದಿ?" ಅನ್ನೋ ಹಾಗೆ ನನ್ನ ಮುಖ ನೋಡಿದರು. ಇಷ್ಟಕ್ಕೇ ನಿಲ್ಲಿಸಿದರೆ ಕಬ್ಬೇ ಗೆಲ್ಲುತ್ತದೆ, ಕಾರ್ಖಾನೆಯವರು ನಿಲ್ಲಿಸುವುದೂ ಇಲ್ಲಿಗೇ. ನಾನು ನೀರಿನ ಲೆಕ್ಕ ತೆಗೆದೆ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಆಗಲು ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿದೆ. ನಮ್ಮ ಬೋರು ಮಾರ್ಚಿಗೇ ಸೊರಗುತ್ತದೆ, ಕಬ್ಬು ವರ್ಷಪೂರ್ತಿ ಹೊಲದಲ್ಲಿ ನಿಂತಿರುತ್ತದೆ, ಏಪ್ರಿಲ್ ಮೇದಲ್ಲಿ ಅದಕ್ಕೆ ಏನು ಕುಡಿಸೋದು? ಗೋವಿನಜೋಳ ಮುಂಗಾರಿಗೆ ಬಿತ್ತಿದರೆ ಮಳೆ ನೀರಲ್ಲೇ ಮುಗಿಯುತ್ತದೆ.

ಎಥೆನಾಲಿನ ಬೇಡಿಕೆಯೂ ಕಬ್ಬಿಗೆ ಗಟ್ಟಿ ಅಂತಲ್ಲ. 2023ರ ಬರದಲ್ಲಿ ಸಕ್ಕರೆ ಕಡಿಮೆಯಾದೀತು ಅಂತ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡೋದನ್ನೇ ತಡೆಯಿತು, ಆಮೇಲೆ ಸ್ವಲ್ಪ ಸಡಿಲಿಸಿದರು ಬಿಡಿ. ಮಳೆ ಕೈಕೊಟ್ಟ ವರ್ಷವೇ ಎಥೆನಾಲಿನ ಬಾಗಿಲೂ ಮುಚ್ಚಿಕೊಂಡರೆ ನಮ್ಮಂಥ ಒಣಭೂಮಿಯವರು ಎಲ್ಲಿಗೆ ಹೋಗೋದು?

ಆಗ ಕಾಕಾ ತಾವು ಸಣ್ಣವರಿದ್ದಾಗ ಜೋಳದ ದಂಟು ಸಿಗಿದು ತಿನ್ನುತ್ತಿದ್ದದ್ದನ್ನು ನೆನೆಸಿಕೊಂಡರು. ಸಿಹಿದಂಟಿನ ಜೋಳದ ತಳಿಗಳಿವೆ, ಹೈದರಾಬಾದ್ ಹತ್ತಿರದ ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಅವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ತೆನೆ ತಿನ್ನೋಕೆ, ದಂಟಿನ ರಸ ಎಥೆನಾಲಿಗೆ, ನೀರೂ ಕಡಿಮೆ. ನಮ್ಮ ನೆಲಕ್ಕೆ ಇದಕ್ಕಿಂತ ಒಳ್ಳೆಯ ಬೆಳೆ ನನಗಂತೂ ಕಾಣುವುದಿಲ್ಲ. ತೊಡಕು ಒಂದೇ, ಕೊಯ್ದ ಒಂದೆರಡು ದಿನದಲ್ಲಿ ಅರೆಯದಿದ್ದರೆ ರಸ ಕೆಡುತ್ತದೆ. ಕಬ್ಬಿನ ಸೀಸನ್ ಶುರುವಾಗೋ ಮೊದಲು ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಕಾರ್ಖಾನೆಗಳ ಗಾಣ ಸುಮ್ನೆ ನಿಂತಿರುತ್ತವಲ್ಲ, ಆಗ ಇದನ್ನು ಅರೆದುಕೊಡಬಾರದಾ? ಆದರೆ ತಗೊಳ್ಳುವವರೇ ಇಲ್ಲದ ಬೆಳೆಯನ್ನು ಬಿತ್ತು ಅಂತ ಕಾಕಾನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸಂಜೆ ಹೊತ್ತಿಗೆ ಕಬ್ಬಿನ ಮಾತು ಬಿಟ್ಟರು. ಬೋರಿನ ಹೊಲಕ್ಕೆ ಗೋವಿನಜೋಳವೇ, ಆದರೆ ನಡುವೆ ತೊಗರಿ ಸಾಲು ಹಾಕೋದು, ಒಂದರ ರೇಟು ಬಿದ್ದರೂ ಇನ್ನೊಂದು ಇರಲಿ ಅಂತ. ಎರಿ ಹೊಲದ ಬಿಳಿಜೋಳ ಮಾತ್ರ ಯಾವ ಲೆಕ್ಕಕ್ಕೂ ಮುಟ್ಟೋ ಹಾಗಿಲ್ಲ, "ರೊಟ್ಟಿ ಬ್ಯಾಡೇನು?" ಅಂದರು. 1,700ಕ್ಕೆ ರಾಶಿ ಕೊಡಲಿಲ್ಲ. ಬೆಂಬಲ ಬೆಲೆಗೆ ಖರೀದಿ ಶುರುವಾಗುತ್ತದೆ ಅನ್ನೋ ಮಾತಿತ್ತು, ಅಲ್ಲಿವರೆಗೆ 14ಕ್ಕೆ ಇಳಿಸಿ ಇಡೋಣ ಅಂತ ಮರುದಿನ ಮತ್ತೆ ಎಲ್ಲವನ್ನೂ ಬಿಸಿಲಿಗೆ ಹರವಿದೆವು.